ಹೆತ್ತವರ ಎಳೆಯ ದಿನಗಳು: ಒಂದು ಕುಟುಂಬದ ಪುಸ್ತಕಗಳನ್ನು ಓದುತ್ತಾ



ತಂದೆಯ ಜನ್ಮಶತಾಬ್ದಿಗೋ, ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೋ, ಇಬ್ಬರ ವಿವಾಹದ ಸುವರ್ಣ ಮಹೋತ್ಸವಕ್ಕೋ ಮಕ್ಕಳು ಸೇರಿ ಒಂದು ಸ್ಮರಣ ಪುಸ್ತಿಕೆಯನ್ನು ಅಚ್ಚು ಹಾಕಿಸುವ ರೂಢಿ ನಮ್ಮ ಸಭಾ ಕುಟುಂಬಗಳಲ್ಲಿ ಬೆಳೆದುಬಂದಿದೆ. ತಮ್ಮ ಮನೆಯ ಕಪಾಟಿನಲ್ಲಿಯೂ ಇಂಥ ಒಂದೆರಡು ಪುಸ್ತಿಕೆಗಳು ಇರಬಹುದು. ಮುಖಪುಟದಲ್ಲಿ ಭಾವಚಿತ್ರ, ಮೊದಲ ಪುಟಗಳಲ್ಲಿ ಬಿಷಪರ ಮತ್ತು ಸಭಾಪಾಲಕರ ಸಂದೇಶ, ನಡುವೆ ವಂಶವೃಕ್ಷ, ಕೊನೆಗೆ ಪರದೇಶದಲ್ಲಿರುವ ಮೊಮ್ಮಕ್ಕಳ ವರ್ಣಚಿತ್ರಗಳು. ಇವುಗಳನ್ನು ಹಗುರವಾಗಿ ಕಾಣುವುದು ಸಲ್ಲದು. ನಮ್ಮ ಸಾಮಾನ್ಯ ವಿಶ್ವಾಸಿಗಳಲ್ಲಿ ಬಹುಮಂದಿಯ ಬದುಕಿಗೆ ಇವುಗಳ ಹೊರತು ಬೇರೆ ಅಚ್ಚಾದ ಚರಿತ್ರೆ ಇಲ್ಲ. ಆದುದರಿಂದಲೇ ಸಾಹಿತ್ಯ ಕೃತಿಗಳನ್ನು ಪರಿಶೀಲಿಸುವಷ್ಟೇ ಗಂಭೀರವಾಗಿ ಇವುಗಳನ್ನೂ ಪರಿಶೀಲಿಸಬೇಕಾಗಿದೆ.

ಹಾಗೆ ಪರಿಶೀಲಿಸಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಜನನ ಮತ್ತು ವಿವಾಹಗಳ ನಡುವಣ ಸುಮಾರು ಇಪ್ಪತ್ತೈದು ವರ್ಷಗಳು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ‘ಕಡು ಬಡತನದಲ್ಲಿಯೂ ಕಷ್ಟಪಟ್ಟು ಓದಿ, ದೇವರ ಕೃಪೆಯಿಂದ ಶಿಕ್ಷಕ ವೃತ್ತಿಯನ್ನು ಸೇರಿದರು’ ಎಂಬಂಥ ವಾಕ್ಯ. ಯಾವ ಶಾಲೆ? ಯಾರು ಶುಲ್ಕ ಕಟ್ಟಿದರು? ಎಷ್ಟನೆಯ ತರಗತಿಯಲ್ಲಿ ಓದು ನಿಂತಿತು, ಮತ್ತೆ ಯಾವಾಗ ಆರಂಭವಾಯಿತು? ಮೊದಲ ನೇಮಕ ಯಾವ ಊರಿಗೆ, ಅಲ್ಲಿ ಯಾರ ಮನೆಯಲ್ಲಿ ಊಟ? ಇವುಗಳಿಗೆ ಪುಸ್ತಿಕೆಯಲ್ಲಿ ಉತ್ತರವಿಲ್ಲ. ಬೀದಿ ದೀಪದ ಕೆಳಗೆ ಕುಳಿತು ಓದಿದರೆಂಬ ಮಾತು ಮಾತ್ರ ತಪ್ಪದೆ ಬರುತ್ತದೆ. ಆ ಊರಿಗೆ ಬೀದಿ ದೀಪ ಬಂದದ್ದು ಯಾವ ವರ್ಷವೆಂದು ಮಕ್ಕಳಾರೂ ವಿಚಾರಿಸಿದಂತಿಲ್ಲ.

ಈ ಕೊರತೆಯನ್ನು ನಮ್ಮ ಪುಸ್ತಿಕೆಗಳನ್ನೇ ಎತ್ತಿ ತೋರಿಸಿ ಚರ್ಚಿಸಿದರೆ ಯಾರದಾದರೂ ಮನಸ್ಸು ನೋಯಬಹುದು. ಅದಕ್ಕಾಗಿ ಕಾಗದಪತ್ರಗಳೆಲ್ಲ ಬಹುಮಟ್ಟಿಗೆ ಅಚ್ಚಾಗಿರುವ, ನಮ್ಮ ಮಂಗಳೂರಿನೊಡನೆ ನಿಜವಾದ ಸಂಬಂಧವಿರುವ ಒಂದು ಕುಟುಂಬವನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಅದು ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆಯವರ ಕುಟುಂಬ. ಅವರ ತಂದೆ ಯೊಹಾನೆಸ್ ಹೆಸ್ಸೆ ಬಾಸೆಲ್ ಮಿಶನ್ನಿನ ಮಿಷನರಿಯಾಗಿ ಮಂಗಳೂರಿನಲ್ಲಿದ್ದವರು. ತಾಯಿ ಮರೀ, ಮಲಯಾಳ ನಿಘಂಟಿನ ಕರ್ತೃ ಡಾ. ಹರ್ಮನ್ ಗುಂಡರ್ಟರ ಮಗಳು; 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವರು. ಈ ಮನೆತನದವರು ತಮ್ಮ ಹಿರಿಯರ ವಿದ್ಯಾಭ್ಯಾಸವನ್ನೂ ಆರಂಭದ ಸೇವೆಯನ್ನೂ ಕುರಿತು ಬರೆದರು, ಕಾಗದಗಳನ್ನು ಸಂಗ್ರಹಿಸಿದರು, ಪ್ರಕಟಿಸಿದರು. ಒಬ್ಬೊಬ್ಬರು ಮಾಡಿದ ರೀತಿಯೂ ಬೇರೆ ಬೇರೆ. ಅದನ್ನು ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಯೊಹಾನೆಸರ ಕಥೆಯನ್ನು ದಾಖಲೆಗಳು ಹೇಳುವಷ್ಟಕ್ಕೆ ನೋಡೋಣ. ಅವರು 1847ರಲ್ಲಿ ಎಸ್ಟೋನಿಯಾದ ವೈಸೆನ್‌ಸ್ಟೈನ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಆ ಪಟ್ಟಣದ ಇಂದಿನ ಹೆಸರು ಪೈದೆ. ತಂದೆ ವೈದ್ಯರು, ಜರ್ಮನ್ ಭಾಷಿಕರು. ಮಗನು ರೇವಲ್ ಎಂಬಲ್ಲಿ, ಅಂದರೆ ಇಂದಿನ ತಾಲಿನ್ ನಗರದಲ್ಲಿ ಶಾಲೆ ಕಲಿತು, 1865ರಲ್ಲಿ ಹದಿನೆಂಟನೆಯ ವಯಸ್ಸಿಗೆ ಬಾಸೆಲಿನ ಮಿಶನ್ ಸೆಮಿನರಿಗೆ ಬಂದನು. ನಾಲ್ಕು ವರ್ಷಗಳ ತರಬೇತಿ. 1869ರಲ್ಲಿ ಹೈಲ್‌ಬ್ರೊನ್ ಪಟ್ಟಣದಲ್ಲಿ ಗುರುದೀಕ್ಷೆ ಹೊಂದಿ ಅದೇ ವರ್ಷ ಭಾರತಕ್ಕೆ ಹೊರಟರು. ಕನ್ನಡ ಕಲಿತರು. ಮಂಗಳೂರಿನ ಸೆಮಿನರಿಯಲ್ಲಿ ದೇಶೀಯ ತರುಣರಿಗೆ ಪಾಠ ಹೇಳಿದರು. 1847ರಲ್ಲಿ ಆರಂಭವಾದ ಆ ಸೆಮಿನರಿಯೇ ಇಂದು ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಮೂಲ. ಆದರೆ ಇಲ್ಲಿಯ ಹವೆ ಅವರ ದೇಹಕ್ಕೆ ಒಗ್ಗಲಿಲ್ಲ. ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಬೇಕಾಯಿತು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಇದನ್ನು ಓದುವಾಗ ತಾವು ಒಂದು ಕ್ಷಣ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಬದುಕಿನುದ್ದಕ್ಕೂ ಮಾಡಬೇಕೆಂದು ಹರಕೆ ಹೊತ್ತ ಕೆಲಸವು ನಾಲ್ಕೇ ವರ್ಷಗಳಲ್ಲಿ ಮುಗಿದುಹೋಯಿತು. ಅದಕ್ಕಾಗಿ ಅವರು ಹುಟ್ಟಿದ ನಾಡನ್ನು ಬಿಟ್ಟಿದ್ದರು, ಹೊಸ ಭಾಷೆಯನ್ನು ಕಲಿತಿದ್ದರು. ಹಿಂದಿರುಗಿದ ಮೇಲೆ ಕಾಲ್ವ್ ಎಂಬ ಪಟ್ಟಣದ ಪ್ರಕಾಶನ ಸಂಘದಲ್ಲಿ ಡಾ. ಗುಂಡರ್ಟರಿಗೆ ಸಹಾಯಕರಾಗಿ ನೇಮಕಗೊಂಡರು. 1874ರಲ್ಲಿ ಗುಂಡರ್ಟರ ಮಗಳನ್ನು ವಿವಾಹವಾದರು. 1893ರಲ್ಲಿ ಮಾವ ತೀರಿಕೊಂಡ ಮೇಲೆ ಅವರ ಸ್ಥಾನಕ್ಕೆ ಬಂದು 1905ರವರೆಗೆ ಆ ಸಂಘವನ್ನು ನಡೆಸಿದರು. ನಮ್ಮ ಪುಸ್ತಿಕೆಗಳ ಭಾಷೆಯಲ್ಲಾದರೆ ಇದು ‘ಭಾರತದಲ್ಲಿ ಕರ್ತನ ಸೇವೆ ಸಲ್ಲಿಸಿ, ಅನಂತರ ಸಾಹಿತ್ಯ ಸೇವೆಯಲ್ಲಿ ನಿರತರಾದರು’ ಎಂದಾಗುತ್ತಿತ್ತು. ಆ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ 1873ರಲ್ಲಿ ಹಡಗನ್ನೇರಿದ ಇಪ್ಪತ್ತಾರರ ಯುವಕನು ಅದರೊಳಗೆ ಎಲ್ಲಿದ್ದಾನೆ?

ಈ ಕುಟುಂಬದ ಮೊದಲ ಚರಿತ್ರೆಕಾರರು ಸ್ವತಃ ಯೊಹಾನೆಸರೇ. ಮಾವನವರ ಮರಣದ ಮರುವರ್ಷ, 1894ರಲ್ಲಿ, ಅವರು ಗುಂಡರ್ಟರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಗುಂಡರ್ಟರ ವಿದ್ಯಾರ್ಥಿ ಜೀವನವು ಸಾಮಾನ್ಯವಾದುದಲ್ಲ. ಮೌಲ್‌ಬ್ರೊನ್ ಮಠದ ಸೆಮಿನರಿ, ಅನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ. ಯೇಸುವಿನ ಜೀವನವನ್ನು ಕುರಿತ ವಿವಾದಾತ್ಮಕ ಗ್ರಂಥದಿಂದ ಪ್ರಸಿದ್ಧನಾದ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸನ ಪ್ರಭಾವಕ್ಕೆ ಒಳಗಾಗಿ, ಆ ಬಳಿಕ ಅದರಿಂದ ಹೊರಬಂದವರು ಅವರು. 1835ರಲ್ಲಿ ಡಾಕ್ಟರೇಟ್. 1836ರಲ್ಲಿ ಭಾರತಕ್ಕೆ ಬಂದದ್ದು ಬಾಸೆಲ್ ಮಿಶನ್ನಿನ ಪರವಾಗಿ ಅಲ್ಲ. ಇಂಗ್ಲೆಂಡಿನ ಆಂಟನಿ ನಾರಿಸ್ ಗ್ರೋವ್ಸ್ ಎಂಬ ಸ್ವತಂತ್ರ ಮಿಷನರಿಯ ಮಕ್ಕಳಿಗೆ ಪಾಠ ಹೇಳುವ ಮನೆಮೇಷ್ಟರಾಗಿ. ಬಾಸೆಲ್ ಮಿಶನ್ನನ್ನು ಸೇರಿದ್ದು 1838ರಲ್ಲಿ. ತಮ್ಮ ಮಹಾ ನಿಘಂಟನ್ನು ಮುದ್ರಿಸಿದ್ದು 1872ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅಂದರೆ ಹೆಸರಾಂತ ಮಿಷನರಿಯೊಬ್ಬರ ವೃತ್ತಿಜೀವನ ಆರಂಭವಾದದ್ದು ಒಂದು ಅಡ್ಡದಾರಿಯಿಂದ. ಇಂಥ ಅಡ್ಡದಾರಿಗಳೇ ನಮ್ಮ ಪುಸ್ತಿಕೆಗಳಲ್ಲಿ ಮೊದಲು ಅಳಿಸಿಹೋಗುತ್ತವೆ ಎಂಬುದನ್ನು ಗಮನಿಸಿರಿ.

ಆದರೂ ಈ ಪುಸ್ತಕವನ್ನು ಓದುವಾಗ ಬರೆದವರು ಯಾರೆಂಬುದನ್ನು ಮರೆಯುವಂತಿಲ್ಲ. ಬರೆದವರು ಅಳಿಯ. ಕೈಕೆಳಗೆ ದುಡಿದ ಸಹಾಯಕ. ಅದೇ ಕುರ್ಚಿಗೆ ಉತ್ತರಾಧಿಕಾರಿಯಾಗಿ ಆಗತಾನೆ ಬಂದವರು. ಇಂಥ ಸ್ಥಾನದಲ್ಲಿ ನಿಂತು ಬರೆಯುವವನು ಎಷ್ಟೇ ಸತ್ಯವಂತನಾಗಿದ್ದರೂ ತನ್ನ ನಾಯಕನ ಎಳೆಯ ದಿನಗಳನ್ನು ಮುಂದಿನ ಹಿರಿಮೆಗೆ ಸಿದ್ಧತೆಯೆಂದೇ ಕಾಣುವನು. ಸಂಶಯವು ವಿಶ್ವಾಸಕ್ಕೆ ಮೆಟ್ಟಲಾಗುತ್ತದೆ. ಮನೆಮೇಷ್ಟರ ಕೆಲಸವು ಕರೆಗೆ ಮುನ್ನುಡಿಯಾಗುತ್ತದೆ. ಬದುಕನ್ನು ಬಾಳುತ್ತಿದ್ದಾಗ ಗುಂಡರ್ಟರಿಗೆ ಅದು ಹಾಗೆ ತೋರಿತ್ತೇ? ಇದನ್ನು ತಿಳಿಯಲು ಅವರದೇ ದಿನಚರಿಗಳು ಬೇಕು. ಅವು ಅಚ್ಚಾದದ್ದು ನೂರು ವರ್ಷಗಳಷ್ಟು ತಡವಾಗಿ: ಮಲಬಾರಿನ ದಿನಚರಿ 1983ರಲ್ಲಿ, ಕಾಲ್ವಿನ ದಿನಚರಿ 1986ರಲ್ಲಿ, ಆಲ್ಬ್ರೆಕ್ಟ್ ಫ್ರೆಂಜ್ ಎಂಬ ವಿದ್ವಾಂಸರ ಸಂಪಾದಕತ್ವದಲ್ಲಿ.

ಮುಂದಿನ ತಲೆಮಾರಿಗೆ ಬಂದರೆ ಅಲ್ಲಿ ಇಬ್ಬರು ಬರಹಗಾರರಿದ್ದಾರೆ: ಅಕ್ಕ ಅಡೆಲೆ, ತಮ್ಮ ಹರ್ಮನ್. ಲೋಕಪ್ರಸಿದ್ಧನಾದವನು ತಮ್ಮ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಹೆಚ್ಚಿನ ಕೆಲಸ ಮಾಡಿದವರು ಅಕ್ಕ ಎಂಬುದು ನನ್ನ ಅಭಿಪ್ರಾಯ.

ತಂದೆ 1916ರ ಮಾರ್ಚಿನಲ್ಲಿ ತೀರಿಕೊಂಡಾಗ ಹರ್ಮನ್ ಹೆಸ್ಸೆ ಅವರ ನೆನಪಿಗಾಗಿ ಒಂದು ಪ್ರಬಂಧವನ್ನು ಬರೆದರು. ಅದು ಸಾವಿನ ಸುದ್ದಿಯಿಂದ ಹೊರಡುವ, ಶೋಕದಿಂದ ತುಂಬಿದ ಬರಹ. ಮುಂದೆ 1923ರ ಆಸುಪಾಸಿನಲ್ಲಿ ತಮ್ಮ ಬಾಲ್ಯದ ಬಗ್ಗೆ ಬರೆದಾಗ, ಹಲವು ಭಾಷೆಗಳನ್ನು ಬಲ್ಲ ಅಜ್ಜನ ಕೋಣೆಯನ್ನೂ, ಅಲ್ಲಿಯ ಗಾಜಿನ ಕಪಾಟಿನೊಳಗಣ ಭಾರತದ ಪುಟ್ಟ ವಿಗ್ರಹವನ್ನೂ ಮಾಯಾಲೋಕದಂತೆ ಚಿತ್ರಿಸಿದರು. ಕಲೆಯ ದೃಷ್ಟಿಯಿಂದ ಅದು ಸುಂದರವೇ. ಆದರೆ ಆ ಮಾಯೆಯ ಹಿಂದೆ ಇದ್ದದ್ದು ಮಂಗಳೂರಿನ ಒಂದು ಪಾಠಕೊಠಡಿ, ಕನ್ನಡ ವ್ಯಾಕರಣ, ಮಳೆಗಾಲ, ಕಾಯಿಲೆ, ಮತ್ತು ತರುಣನೊಬ್ಬನ ಭಗ್ನವಾದ ಆಸೆ. ಮಗನ ಬಾಲ್ಯದ ಕಣ್ಣಿಗೆ ಅದು ಕಾಣಲಿಲ್ಲ. ಮಕ್ಕಳಿಗೆ ಕಾಣುವಂತಿರುವುದೂ ಇಲ್ಲ. 1911ರಲ್ಲಿ ಹರ್ಮನ್ ಹೆಸ್ಸೆ ಪೂರ್ವದೇಶಗಳ ಪ್ರವಾಸ ಕೈಗೊಂಡರು. ಸಿಲೋನನ್ನೂ ಸುಮಾತ್ರವನ್ನೂ ನೋಡಿದರು. ಆದರೆ ತಾಯಿ ಹುಟ್ಟಿದ, ತಂದೆ ಪಾಠ ಹೇಳಿದ ಈ ಕರಾವಳಿಗೆ ಬರಲಿಲ್ಲ. ಹೆತ್ತವರ ಯೌವನವನ್ನು ಅರಸಿ ಹೊರಟವನು ಕೊನೆಯ ಹೆಜ್ಜೆಯಿಡುವ ಮೊದಲೇ ಹಿಂದಿರುಗುವುದು ಅವರೊಬ್ಬರ ಕಥೆ ಮಾತ್ರವಲ್ಲ.

ಅಡೆಲೆಯವರ ದಾರಿ ಬೇರೆ. ಅವರು ತಾಯಿಯ ಪತ್ರಗಳನ್ನೂ ದಿನಚರಿಗಳನ್ನೂ ಕೂಡಿಸಿ, ಆಯ್ದು, ಕ್ರಮಪಡಿಸಿ, 1934ರಲ್ಲಿ ‘ಮರೀ ಹೆಸ್ಸೆ’ ಎಂಬ ಪುಸ್ತಕವನ್ನು ಹೊರತಂದರು. ತಾಯಿ 1902ರಲ್ಲಿ ನಿಧನರಾಗಿದ್ದರು. ಆ ಅಂತ್ಯಕ್ರಿಯೆಗೆ ಮಗ ಹೋಗಿರಲಿಲ್ಲ. ಮಗಳು ಮೂವತ್ತೆರಡು ವರ್ಷಗಳ ತರುವಾಯ ತಾಯಿಯ ಮಾತನ್ನು ತಾಯಿಯ ಬಾಯಿಂದಲೇ ಆಡಿಸಿದರು.

ಈ ಪುಸ್ತಕವಿಲ್ಲದಿದ್ದರೆ ಮರೀಯವರ ವಿದ್ಯಾಭ್ಯಾಸ ಮತ್ತು ದುಡಿಮೆಯ ಬಗ್ಗೆ ನಮಗೆ ತಿಳಿಯುತ್ತಿದ್ದುದು ಅತ್ಯಲ್ಪ. ಕಾರಣ ಸ್ಪಷ್ಟವಾಗಿದೆ. ಬಾಸೆಲ್ ಮಿಶನ್ನಿನ ಮುಖ್ಯ ದಫ್ತರವು ‘ಸಹೋದರರ ಪಟ್ಟಿ’. ಅದರಲ್ಲಿ ಸೆಮಿನರಿಗೆ ಸೇರಿದ ಪ್ರತಿಯೊಬ್ಬ ತರುಣನಿಗೂ ಒಂದು ಕ್ರಮಸಂಖ್ಯೆಯಿದೆ. ಅರ್ಜಿ ಹಾಕುವವನು ತನ್ನ ಜೀವನ ವೃತ್ತಾಂತವನ್ನು ಸ್ವಹಸ್ತದಿಂದ ಬರೆದು ಕಳುಹಿಸಬೇಕಾಗಿತ್ತು. ಆ ಕಾಗದಗಳನ್ನು ಮಿಶನ್ ಕಾದಿಟ್ಟಿತು. ಆದುದರಿಂದ ಯೊಹಾನೆಸರಂಥವರ ಹೆಜ್ಜೆಗಳನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಮರೀಯಂಥವರಾದರೋ ಇಂಥವರ ಮಗಳು, ಇಂಥವರ ಪತ್ನಿ ಎಂದು ಮಾತ್ರ ಕಾಣಿಸಿಕೊಳ್ಳುತ್ತಾರೆ.

ಆದರೆ ಅವರ ಬಾಲ್ಯ ಹೇಗಿತ್ತು! ಹೆತ್ತವರು 1845ರಲ್ಲಿ ಯೂರೋಪಿಗೆ ಹೋದಾಗ ಅವರೊಡನೆ ಹೋದ ಈ ಚಿಕ್ಕ ಮಗುವನ್ನು, ಅವರು ಭಾರತಕ್ಕೆ ಹಿಂದಿರುಗುವಾಗ ಅಲ್ಲಿಯೇ ಬಿಟ್ಟುಬಂದರು. ಆಗ ಆಕೆಗೆ ನಾಲ್ಕು ವರ್ಷದ ಆಸುಪಾಸು. ಸ್ವಿಟ್ಜರ್ಲೆಂಡಿನಲ್ಲಿ ಪರಿಚಿತರ ಮನೆಗಳಲ್ಲಿ, ಆಮೇಲೆ ಜರ್ಮನಿಯ ಕೋರ್ನ್‌ತಾಲ್ ಎಂಬಲ್ಲಿಯ ಹುಡುಗಿಯರ ವಿದ್ಯಾಸಂಸ್ಥೆಯಲ್ಲಿ ಬೆಳೆದು, 1857ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ಮತ್ತೆ ಭಾರತಕ್ಕೆ ಬಂದರು. ಸುಮಾರು ಹನ್ನೊಂದು ವರ್ಷಗಳ ಅಗಲಿಕೆ. ಇದು ಕ್ರೌರ್ಯದಿಂದ ಆದುದಲ್ಲ. ಉಷ್ಣದೇಶದಲ್ಲಿ ಮಕ್ಕಳು ಸಾಯುವರೆಂಬ ಭಯ, ಒಳ್ಳೆಯ ವಿದ್ಯಾಭ್ಯಾಸದ ಆಸೆ, ಸೇವೆಗೆ ಅಡ್ಡಿಯಾಗಬಾರದೆಂಬ ನಿಯಮ, ಇವೆಲ್ಲ ಕೂಡಿ ಮಿಷನರಿಗಳ ಮಕ್ಕಳನ್ನು ಯೂರೋಪಿಗೆ ಕಳುಹಿಸುವುದು ಪದ್ಧತಿಯಾಗಿತ್ತು. 1850ರ ದಶಕದಲ್ಲಿ ಇಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಮಿಶನ್ ಒಂದು ಮನೆಯನ್ನು ತೆರೆಯಿತು. ಆದರೂ ‘ಕೋರ್ನ್‌ತಾಲ್‌ನಲ್ಲಿ ವಿದ್ಯಾಭ್ಯಾಸ’ ಎಂಬ ಎರಡು ಪದಗಳ ಹಿಂದೆ ತಾಯಿಯ ಮುಖವನ್ನು ಮರೆಯತೊಡಗಿದ ಒಂದು ಮಗು ಇದೆ.

ಹಿಂದಿರುಗಿದ ವರ್ಷವೇ ತಂದೆ ಗುಂಡರ್ಟರು ಮದ್ರಾಸ್ ಸರಕಾರದಿಂದ ಮಲಬಾರ್ ಮತ್ತು ಕೆನರಾ ಜಿಲ್ಲೆಗಳಿಗೆ ಶಾಲಾ ಇನ್‌ಸ್ಪೆಕ್ಟರರಾಗಿ ನೇಮಕಗೊಂಡರು. ಮಗಳು ಮಿಶನ್ನಿನ ಹೆಣ್ಣುಮಕ್ಕಳ ನಡುವೆ ಕೆಲಸದಲ್ಲಿ ತೊಡಗಿದಳು. 1859ರಲ್ಲಿ ಅನಾರೋಗ್ಯದಿಂದ ತಂದೆ ಯೂರೋಪಿಗೆ ತೆರಳಿದ ಮೇಲೆ ಆಕೆಯೂ ಹೋಗಬೇಕಾಯಿತು. 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಷನರಿಯನ್ನು ವಿವಾಹವಾಗಿ ಸಿಂಧ್ ಪ್ರಾಂತಕ್ಕೆ ಬಂದರು. ಪತಿಗೆ ಕಾಯಿಲೆ. 1870ರಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳೊಂದಿಗೆ ವಿಧವೆಯಾದರು. ಕಾಲ್ವಿನಲ್ಲಿ ತಂದೆಯ ಮನೆ ಸೇರಿ ಇಂಗ್ಲಿಷ್ ಪಾಠ ಹೇಳಿದರು. ಯೊಹಾನೆಸರು ಭಾರತದಿಂದ ಸೋತು ಬಂದು ಆ ಮನೆಗೆ ಕಾಲಿಟ್ಟಾಗ ಅಲ್ಲಿದ್ದದ್ದು ಈ ವಿಧವೆ. ಹೀಗೆ ಇಬ್ಬರ ಕಡಿದುಹೋದ ಸೇವೆಗಳು ಸೇರಿ ಒಂದು ಸಂಸಾರವಾಯಿತು. ಹರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ್ದು ಆ ಸಂಸಾರದಲ್ಲಿ.

ಅಡೆಲೆಯವರ ಪುಸ್ತಕವೂ ದೋಷರಹಿತವಲ್ಲ. ಯಾವ ಪತ್ರವನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಧರಿಸಿದವರು ಮಗಳು. ಆಕೆ ಗುಂಡರ್ಟ್ ಮನೆತನದವರನ್ನೇ ಮದುವೆಯಾದವರು, ಪಾಸ್ಟರರ ಪತ್ನಿ. ಭಕ್ತಿವಂತರಾದ ಓದುಗರ ಕೈಗೆ ಕೊಡುವ ಪುಸ್ತಕವೆಂಬ ಎಚ್ಚರ ಅವರಿಗೆ ಇದ್ದೇ ಇತ್ತು. ಆಯ್ಕೆಯೆಂದ ಮೇಲೆ ಕತ್ತರಿಯೂ ಇರುತ್ತದೆ. ಆದರೆ ಕತ್ತರಿಯಾಡಿಸಿದವರು ಒಂದು ಉಪಕಾರವನ್ನು ಮಾಡಿದರು: ಉಳಿಸಿಕೊಂಡ ಭಾಗದಲ್ಲಿ ತಮ್ಮ ಮಾತನ್ನು ಬೆರೆಸದೆ ತಾಯಿಯ ಮಾತನ್ನೇ ಇಟ್ಟರು. ವರ್ಷ, ತಿಂಗಳು, ಊರುಗಳೊಂದಿಗೆ. ಇದರಿಂದ ಮುಂದಿನವರು ಬಿಟ್ಟುಹೋದುದನ್ನು ಹುಡುಕಿ ಜೋಡಿಸಲು ಸಾಧ್ಯವಾಯಿತು. ಹೊಗಳಿಕೆಯಿಂದ ತುಂಬಿದ ಪುಸ್ತಕಕ್ಕೆ ಈ ಗುಣವಿರುವುದಿಲ್ಲ. ಅದನ್ನು ತಿದ್ದಲಿಕ್ಕೂ ಆಗುವುದಿಲ್ಲ, ಬೆಳೆಸಲಿಕ್ಕೂ ಆಗುವುದಿಲ್ಲ.

ಜೋಡಿಸುವ ಕೆಲಸವನ್ನು ಮುಂದಕ್ಕೆ ಒಯ್ದವರು ಹರ್ಮನ್ ಹೆಸ್ಸೆಯವರ ಪತ್ನಿ ನಿನೋನ್. 1966ರಲ್ಲಿ ಅವರು ಸಂಪಾದಿಸಿದ ಸಂಪುಟದಲ್ಲಿ 1877ರಿಂದ 1895ರವರೆಗಿನ ಕುಟುಂಬದ ಪತ್ರಗಳು ಅಚ್ಚಾದವು. ಅಜ್ಜ ಓದಿದ್ದ ಅದೇ ಮೌಲ್‌ಬ್ರೊನ್ ಸೆಮಿನರಿಗೆ ಮೊಮ್ಮಗನನ್ನು 1891ರಲ್ಲಿ ಸೇರಿಸಿದ್ದು, 1892ರ ಮಾರ್ಚಿನಲ್ಲಿ ಅವನು ಅಲ್ಲಿಂದ ಓಡಿಹೋದದ್ದು, ಕಂಗೆಟ್ಟ ತಂದೆತಾಯಿಗಳು ಬರೆದ ಪತ್ರಗಳು, ಮಗನ ಕೋಪದ ಉತ್ತರಗಳು, ಎಲ್ಲವೂ ಅಲ್ಲಿವೆ. ಇವನ್ನು ಓದಿದ ಮೇಲೆ ಮತ್ತೆ 1869ಕ್ಕೆ ಹೋಗಿ ಯೊಹಾನೆಸರನ್ನು ನೋಡಿದರೆ ನಮಗೆ ಬೇರೆಯದೇ ಕಾಣುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ತನ್ನನ್ನು ಒಂದು ಕಟ್ಟುನಿಟ್ಟಾದ ಸಂಸ್ಥೆಗೆ ಸ್ವಇಚ್ಛೆಯಿಂದ ಒಪ್ಪಿಸಿಕೊಂಡ ತಂದೆಗೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಥ ಸಂಸ್ಥೆಯಿಂದ ಓಡಿಹೋದ ಮಗನು ಅರ್ಥವಾಗದೆ ಹೋದುದರಲ್ಲಿ ಆಶ್ಚರ್ಯವೇನು? ತಂದೆಯ ವಿದ್ಯಾಭ್ಯಾಸದ ಕಥೆಯು ಮಗನ ಬಂಡಾಯದ ಕಥೆಗೂ ಬೀಗದಕೈಯಾಗಿದೆ. ಇಂಥ ಬೀಗದಕೈಗಳು ನಮ್ಮ ಮನೆಗಳಲ್ಲಿಯೂ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತವೆ.

ಈಗ ನಮ್ಮ ಪುಸ್ತಿಕೆಗಳಿಗೆ ಮರಳೋಣ. ಜರ್ಮನಿಯ ವಿದ್ಯಾವಂತ ಮನೆತನಕ್ಕೆ ಪತ್ರ, ದಿನಚರಿಗಳಿದ್ದವು; ನಮಗೇನಿದೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಅಜ್ಜಂದಿರಲ್ಲಿ ಅನೇಕರು ಹಂಚಿನ ಕಾರ್ಖಾನೆಯಲ್ಲಿಯೂ ನೇಯ್ಗೆಯ ಕಾರ್ಖಾನೆಯಲ್ಲಿಯೂ ದುಡಿದವರು. ದಿನಚರಿ ಬರೆಯಲು ಅವರಿಗೆ ಹೊತ್ತೆಲ್ಲಿತ್ತು? ಆದರೆ ದಾಖಲೆಗಳೇ ಇಲ್ಲವೆಂಬುದು ಸರಿಯಲ್ಲ. ಸಭೆಯ ದೀಕ್ಷಾಸ್ನಾನದ ದಫ್ತರ, ದೃಢೀಕರಣದ ದಫ್ತರ, ವಿವಾಹದ ದಫ್ತರಗಳಿವೆ. ವಿವಾಹದ ದಫ್ತರದಲ್ಲಿ ವರನ ಉದ್ಯೋಗವನ್ನು ನಮೂದಿಸುವುದುಂಟು. ಶಾಲೆಗಳ ದಾಖಲಾತಿ ಪುಸ್ತಕಗಳಿವೆ. ಶಿಕ್ಷಕರಾಗಿದ್ದವರ ಸೇವಾ ಪುಸ್ತಕವಿದೆ, ಪಿಂಚಣಿಯ ಕಡತವಿದೆ. ಎಲ್ಲಕ್ಕಿಂತ ಮಿಗಿಲಾಗಿ ತಗಡಿನ ಪೆಟ್ಟಿಗೆಯೊಳಗೆ ಮಡಚಿಟ್ಟ ಒಂದು ಎಸ್.ಎಸ್.ಎಲ್.ಸಿ. ಪುಸ್ತಕವೋ ತರಬೇತಿಯ ಪ್ರಮಾಣಪತ್ರವೋ ಇದ್ದೇ ಇರುತ್ತದೆ. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅದರ ಮೇಲೆ ಮದ್ರಾಸಿನ ಮುದ್ರೆಯಿದ್ದೀತು. ಧಾರವಾಡ, ಗದಗಿನ ಕಡೆಯವರದಾದರೆ ಮುಂಬಯಿಯ ಮುದ್ರೆ. ಹುಡುಕುವವನು ಯಾವ ಊರಿನ ಕಚೇರಿಗೆ ಬರೆಯಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ದಾಖಲೆಗಳೂ ಸುಳ್ಳಾಡುತ್ತವೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಜೂನ್ 1ರಂದು ಹುಟ್ಟಿದವರು ನಮ್ಮ ನಾಡಿನಲ್ಲಿ ಎಷ್ಟು ಮಂದಿ! ಶಾಲೆ ಆರಂಭವಾಗುವ ದಿನಕ್ಕೆ ಹೊಂದುವಂತೆ ಮೇಷ್ಟರು ಬರೆದುಕೊಂಡ ತಾರೀಕು ಅದು. ದೀಕ್ಷಾಸ್ನಾನದ ದಫ್ತರವನ್ನು ತೆರೆದರೆ ಬೇರೆ ತಾರೀಕು, ಕೆಲವೊಮ್ಮೆ ಬೇರೆ ವರ್ಷವೇ ಇರುತ್ತದೆ. ಎರಡನ್ನೂ ಬರೆದಿಡುವ ಪುಸ್ತಿಕೆಯು ಒಳ್ಳೆಯ ಪುಸ್ತಿಕೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮಾತ್ರ ಅಚ್ಚು ಹಾಕುವುದು ಅನಾವಶ್ಯಕ ಅಂಜಿಕೆ. ಆ ಎರಡು ತಾರೀಕುಗಳ ನಡುವಣ ಅಂತರದಲ್ಲಿಯೇ ಒಂದು ಕಥೆಯಿದೆ: ಮಗುವನ್ನು ಶಾಲೆಗೆ ಯಾರು ಕರೆದೊಯ್ದರು, ಹೆತ್ತವರೇ ಅಥವಾ ಉಪದೇಶಿಯೇ? ವಯಸ್ಸನ್ನು ಏಕೆ ತಗ್ಗಿಸಿ ಹೇಳಿದರು?

ಇದಕ್ಕಿಂತ ಹೆಚ್ಚು ಕಠಿಣವಾದುದು ಸೋಲನ್ನು ಬರೆಯುವುದು. ತಂದೆ ಒಂದು ಸಾರಿ ನಪಾಸಾಗಿದ್ದರೆಂದು ಬರೆಯಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ. ಮೊದಲ ಕೆಲಸದಿಂದ ತೆಗೆದುಹಾಕಿದರೆಂದೋ, ಪಾಸ್ಟರರಾಗಬೇಕೆಂದಿದ್ದವರನ್ನು ಸೆಮಿನರಿಗೆ ಆರಿಸಲಿಲ್ಲವೆಂದೋ ಬರೆಯಲು ಇನ್ನೂ ಸಂಕೋಚ. ತಾಯಂದಿರ ವಿಷಯದಲ್ಲಿ ಮೌನವು ಮತ್ತಷ್ಟು ದಟ್ಟವಾಗಿದೆ. ಮೂಲ್ಕಿಯ ಬಾಲಿಕಾಶ್ರಮದಂಥ ಕಡೆ ಬೆಳೆದು, ತರಬೇತಿ ಪಡೆದು, ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ವಿವಾಹವಾದೊಡನೆ ಕೆಲಸ ಬಿಟ್ಟ ಎಷ್ಟು ತಾಯಂದಿರು ನಮ್ಮ ಸಭೆಗಳಲ್ಲಿದ್ದರು! ಅವರ ಪುಸ್ತಿಕೆಗಳಲ್ಲಿ ಅಡುಗೆಯ ರುಚಿಯೂ ಪ್ರಾರ್ಥನೆಯ ಅಭ್ಯಾಸವೂ ಬರುತ್ತವೆ; ಆ ಎರಡು ವರ್ಷಗಳು ಬರುವುದಿಲ್ಲ. ಆಶ್ರಮದ ಮಾತಂತೂ ಬರುವುದೇ ಇಲ್ಲ, ಅನಾಥೆ ಎಂಬ ಶಬ್ದಕ್ಕೆ ಹೆದರಿ.

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ಮುಂದೊಡ್ಡಿ ಈ ಮೌನವನ್ನು ಸಮರ್ಥಿಸುವವರಿದ್ದಾರೆ. ಅವರು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಅರಸರ ವಂಶಾವಳಿಯನ್ನು ಬರೆಯಹೊರಟ ಸುವಾರ್ತಿಕನು ತಾಮಾರಳನ್ನೂ ರಾಹಾಬಳನ್ನೂ ರೂತಳನ್ನೂ ಬಿಡಲಿಲ್ಲ. ಬತ್ಷೆಬೆಯ ಹೆಸರನ್ನು ಹೇಳದೆ ಆಕೆ ಊರೀಯನ ಹೆಂಡತಿಯೆಂದೇ ಬರೆದು, ದಾವೀದನ ಪಾಪವನ್ನು ಆ ಪಟ್ಟಿಯ ನಡುವೆಯೇ ನಿಲ್ಲಿಸಿದನು. ಬಿಟ್ಟುಬಿಟ್ಟಿದ್ದರೆ ಪಟ್ಟಿ ಚೊಕ್ಕಟವಾಗುತ್ತಿತ್ತು. ಪೌಲನಾದರೋ ತನ್ನ ವಿದ್ಯಾಭ್ಯಾಸದ ವಿಷಯವನ್ನು ಯೆರೂಸಲೇಮಿನ ಜನರ ಮುಂದೆ ಹೇಳುವಾಗ ಗಮಲಿಯೇಲನ ಹೆಸರನ್ನು ಹೇಳಿದ ಉಸಿರಿನಲ್ಲಿಯೇ, ಆ ವಿದ್ಯೆ ತನ್ನನ್ನು ಹಿಂಸಕನ ದಾರಿಗೂ ಒಯ್ದಿತೆಂಬುದನ್ನು ಮುಚ್ಚಿಡಲಿಲ್ಲ.

ಎಲ್ಲವನ್ನೂ ಅಚ್ಚು ಹಾಕಬೇಕೆಂದು ನಾನು ಹೇಳುತ್ತಿಲ್ಲ. ಬದುಕಿರುವವರಿಗೆ ನೋವಾಗುವ ಸಂಗತಿಗಳನ್ನು ಬರೆದು ಮುಚ್ಚಿಟ್ಟು, ಮೊಮ್ಮಕ್ಕಳಿಗೆ ಒಪ್ಪಿಸಿಹೋಗುವುದೂ ಒಂದು ರೀತಿ. ಕಾಗದವನ್ನು ಸುಡುವುದು ಮಾತ್ರ ಬೇರೆ ಮಾತು. ಮನೆ ಬದಲಾಯಿಸುವಾಗ, ಹಳೆಯ ಮನೆ ಕೆಡವಿ ಫ್ಲಾಟ್ ಕಟ್ಟಿಸುವಾಗ ಮೊದಲು ಹೊರಗೆ ಬೀಳುವುದು ಆ ತಗಡಿನ ಪೆಟ್ಟಿಗೆ. ಅದರೊಳಗಿನ ವರ್ಗಾವಣೆಯ ಆದೇಶಗಳೂ ಸಾಲದ ರಸೀತಿಗಳೂ ಯಾರಿಗೆ ಬೇಕೆಂದು ಕೇಳುವ ಮಕ್ಕಳೇ ಹತ್ತು ವರ್ಷದ ಬಳಿಕ ಪುಸ್ತಿಕೆಗೆ ಸಾಮಗ್ರಿಯಿಲ್ಲವೆಂದು ಬೀದಿ ದೀಪವನ್ನು ಹಚ್ಚುತ್ತಾರೆ.

ಹೆಸ್ಸೆ ಕುಟುಂಬದ ಪುಸ್ತಕಗಳ ಬಗ್ಗೆ ಕೊನೆಯದಾಗಿ ಒಂದು ಆಕ್ಷೇಪವಿದೆ. ಅಳಿಯ, ಮಗ, ಮಗಳು, ಸೊಸೆ, ನಾಲ್ವರೂ ಬರೆದದ್ದು, ಕೂಡಿಸಿದ್ದು ಮೇಷ್ಟರ ಮನೆಯ ಕಡೆಯಿಂದ. 1869ರಿಂದ 1873ರವರೆಗಿನ ಆ ಪಾಠಕೊಠಡಿಯಲ್ಲಿ ಬೆಂಚಿನ ಮೇಲೆ ಕುಳಿತವರು ಯಾರು? ಇಪ್ಪತ್ತೆರಡು ವರ್ಷದ, ಎಸ್ಟೋನಿಯಾದಿಂದ ಬಂದ, ಹೊಸದಾಗಿ ಕನ್ನಡ ಕಲಿ‌ಯುತ್ತಿದ್ದ ಆ ಅಯ್ಯನವರ ಪಾಠ ಅವರಿಗೆ ಹೇಗೆ ಕೇಳಿಸಿತು? ಅವರು ಓದು ಮುಗಿಸಿ ಉಪದೇಶಿಗಳಾಗಿ ಯಾವ ಯಾವ ಹಳ್ಳಿಗೆ ಹೋದರು, ಎಷ್ಟು ಸಂಬಳಕ್ಕೆ? ಈ ಕುಟುಂಬದ ಪುಸ್ತಕಗಳು ಅದನ್ನು ಹೇಳಲಾರವು. ಮಿಶನ್ನಿನ ಕಾಗದಗಳು ಬಾಸೆಲಿನಲ್ಲಿವೆ. ಬಲ್ಮಠದ ಕಾಲೇಜಿನ ದಾಖಲೆ ಸಂಗ್ರಹದಲ್ಲಿಯೂ ಹಳೆಯ ಕಾಗದಗಳಿವೆ. ಆ ತರುಣರ ಮೊಮ್ಮಕ್ಕಳ ಮಕ್ಕಳು ಈ ಪತ್ರಿಕೆಯನ್ನು ಓದುವವರಲ್ಲಿಯೇ ಇರಬಹುದು. ಅವರ ಮನೆಯಲ್ಲಿ 1870ರ ದಶಕದ ಒಂದು ಸತ್ಯವೇದವಿದ್ದು, ಅದರ ಮೊದಲ ಹಾಳೆಯಲ್ಲಿ ಹೆಸರೂ ತಾರೀಕೂ ಬರೆದಿದ್ದರೆ, ಆ ಹೆಸರನ್ನು ಮೊದಲು ಸಭೆಯ ದೀಕ್ಷಾಸ್ನಾನದ ದಫ್ತರದಲ್ಲಿ ಹುಡುಕಬಹುದು. ಅನಂತರ ಬಲ್ಮಠದಲ್ಲಿ ವಿಚಾರಿಸಬಹುದು.